ಹಳೆಯ ಕಾರಿನ ಬಾನೆಟ್: ಕೂಲಿ ಉಳಿಸುವ ಲೆಕ್ಕಾಚಾರ ದುಬಾರಿಯಾದೀತು

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳ ವ್ಯಾಪಾರಸ್ಥರು ಮತ್ತು ರೈತರಲ್ಲಿ ಹಳೆಯ ಕಾರುಗಳನ್ನು ಜೋಪಾನವಾಗಿ ಉಳಿಸಿಕೊಂಡವರು ಇಂದಿಗೂ ಇದ್ದಾರೆ. ಮಾರುತಿ 800 ಹಾಗೂ ಅಂಬಾಸಡರ್ ಕಾರುಗಳ ಉತ್ಪಾದನೆ 2014ರಲ್ಲಿಯೇ ನಿಂತುಹೋಯಿತು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರವು 2022ರ ಏಪ್ರಿಲ್ 1ರಿಂದ 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿಸಿತು. ಇಷ್ಟು ಹಣ ತೆತ್ತು ಕಾರನ್ನು ಉಳಿಸಿಕೊಳ್ಳುವ ಮಾಲೀಕರೂ ಬಾನೆಟ್ಟಿನ ಸವೆದ ಬಿಜಾಗರಿಯ ದುರಸ್ತಿಗೆ ಕೂಲಿ ಕೊಡುವಾಗ ಚೌಕಾಶಿಗಿಳಿಯುವುದು ವಿಪರ್ಯಾಸ.

ಬಾನೆಟ್ ಒಂದು ಬದಿಗೆ ವಾಲಿದರೆ ಅದು ಕೇವಲ ಅಂದದ ಕೊರತೆಯೆಂದು ಭಾವಿಸುವುದು ತಪ್ಪು. ಈ ಕಾರುಗಳ ಬಾನೆಟ್ ಮುಂಗಾಜಿನ ಬುಡದಲ್ಲಿರುವ ಎರಡು ಬಿಜಾಗರಿಗಳ ಮೇಲೆ ತಿರುಗಿ, ಮುಂಭಾಗದಲ್ಲಿ ಲಾಕ್ ಆಗುತ್ತದೆ. ಬಿಜಾಗರಿಯ ಪಿನ್ ಸವೆದರೆ ಬಾನೆಟ್ ಸರಿದು, ಅದರ ಕೊಂಡಿ ಲಾಕಿನೊಳಗೆ ನೇರವಾಗಿ ಇಳಿಯುವುದಿಲ್ಲ. ಆಗ ಉಳಿಯುವ ಆಧಾರ ಸುರಕ್ಷಾ ಕೊಕ್ಕೆಯೊಂದೇ. ಅದಕ್ಕೂ ತುಕ್ಕು ಹಿಡಿದಿದ್ದರೆ, ಕಿತ್ತೂರಿನ ಬಳಿಯ ಪುಣೆ–ಬೆಂಗಳೂರು ಹೆದ್ದಾರಿಯ ವೇಗದಲ್ಲಿ ಗಾಳಿಯು ಬಾನೆಟ್ಟನ್ನು ಎತ್ತಿ ಗಾಜಿಗೆ ಅಪ್ಪಳಿಸಬಹುದು. ಚಾಲಕನಿಗೆ ರಸ್ತೆಯೇ ಕಾಣದಂತಾಗುತ್ತದೆ.

ತಂತಿ ಬಿಗಿಯುವುದು, ಸುತ್ತಿಗೆಯಿಂದ ಬಡಿದು ಕೂರಿಸುವುದು, ಲಾಕನ್ನೇ ಪಕ್ಕಕ್ಕೆ ಸರಿಸುವುದು ಪರಿಹಾರಗಳಲ್ಲ. ತೆರೆದ ಬಾನೆಟ್ಟಿನ ಹಿಂದಿನ ಮೂಲೆಯನ್ನು ಮೇಲೆ ಕೆಳಗೆ ಅಲುಗಾಡಿಸಿದಾಗ ಬಿಜಾಗರಿಯಲ್ಲಿಯೇ ಆಟ ಕಂಡುಬಂದರೆ, ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಫಲವಿಲ್ಲ. ಹೊಸ ಬಿಜಾಗರಿ ಸಿಗದಿದ್ದಲ್ಲಿ, ಅದರ ರಚನೆಗೆ ಅವಕಾಶವಿದ್ದರೆ, ಲೇಥ್ ಕೆಲಸಗಾರರಿಂದ ಅಳತೆಗೆ ತಕ್ಕ ಪಿನ್ ಮತ್ತು ಬುಶ್ ಮಾಡಿಸಬೇಕು. ಬಿಚ್ಚುವ ಮೊದಲು ಹಳೆಯ ಸ್ಥಾನಕ್ಕೆ ಗುರುತು ಹಾಕಿ, ಇಬ್ಬರು ಹಿಡಿದು ಜೋಡಿಸಬೇಕು. ಎರಡೂ ಮಡ್‌ಗಾರ್ಡ್‌ಗಳ ಕಡೆಯ ಸಂದು ಸಮನಾದ ಬಳಿಕ ಮುಂಭಾಗದ ರಬ್ಬರ್‌ಗಳಿಂದ ಎತ್ತರ ಹೊಂದಿಸಿ, ಕಟ್ಟಕಡೆಗೆ ಲಾಕನ್ನು ಸರಿಪಡಿಸಬೇಕು. ಸುರಕ್ಷಾ ಕೊಕ್ಕೆಯನ್ನು ಸ್ವಚ್ಛಗೊಳಿಸಿ, ಗ್ರೀಸ್ ಹಚ್ಚಿ, ಅದೊಂದೇ ಬಾನೆಟ್ಟನ್ನು ತಡೆಹಿಡಿಯುವುದೇ ಎಂದು ಪರೀಕ್ಷಿಸಬೇಕು.

ಈ ಕೆಲಸದಲ್ಲಿ ಬಿಡಿಭಾಗದ ಬೆಲೆ ಅಲ್ಪ, ತಗಲುವ ವೇಳೆ ಅಧಿಕ. ಗ್ರಾಹಕರು ಬಿಡಿಭಾಗಕ್ಕೆ ಮಾತ್ರ ಬೆಲೆ ಕಟ್ಟಿದರೆ ಗ್ಯಾರೇಜಿನವರು ತಂತಿಯ ಮೊರೆ ಹೋಗದೆ ಗತ್ಯಂತರವಿಲ್ಲ. ಆದ್ದರಿಂದ ದೋಷವನ್ನು ಒಂದೇ ಕಡೆಗೆ ಹೊರಿಸುವುದು ನ್ಯಾಯವಲ್ಲ. ಗ್ಯಾರೇಜ್ ಮಾಲೀಕರು ಬಿಡಿಭಾಗದ ಬೆಲೆ ಮತ್ತು ಕೂಲಿಯನ್ನು ಪ್ರತ್ಯೇಕವಾಗಿ ನಮೂದಿಸಿದ ಲಿಖಿತ ಬಿಲ್ ನೀಡಬೇಕು. ಆಯಿಲ್ ಬದಲಿಸಲು ಬಂದ ಪ್ರತಿ ಹಳೆಯ ಕಾರಿನ ಬಿಜಾಗರಿ ಹಾಗೂ ಕೊಕ್ಕೆಯನ್ನು ತಪಾಸಣೆ ಮಾಡಬೇಕು. ಗ್ರಾಹಕರು ಕೂಲಿಯನ್ನು ಕುಶಲತೆಯ ಬೆಲೆಯೆಂದು ಮನಗಾಣಬೇಕು. ಹಳೆಯ ವಾಹನಗಳ ಬಿಡಿಭಾಗಗಳು ವಿರಳವಾದಂತೆ ಟಿಂಕರಿಂಗ್ ಮತ್ತು ಲೇಥ್ ಕೆಲಸಗಾರರ ಅಗತ್ಯ ಹೆಚ್ಚುವುದು. ಸರಿಯಾದ ಕೂಲಿ ಸಿಗದ ಕಸುಬಿಗೆ ಮುಂದಿನ ಪೀಳಿಗೆ ಬರಲಾರದು.

ಭರತ ಹುಣ್ಣಿಮೆಯ ಸಮಯದಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಕುಟುಂಬಸಮೇತ ಹೊರಡುವ ಮುನ್ನ ಟೈರಿನ ಗಾಳಿ ನೋಡುವವರು ಬಾನೆಟ್ಟನ್ನೂ ಒಮ್ಮೆ ಎತ್ತಿ ಅಲುಗಾಡಿಸಿ ನೋಡುವುದು ಲೇಸು. ಒಂದು ಪಿನ್ನಿನ ಕೂಲಿ ಉಳಿಸಲು ಹೋಗಿ ಜೀವಗಳನ್ನು ಪಣಕ್ಕಿಡುವುದು ಯಾವ ವ್ಯಾಪಾರದ ಲೆಕ್ಕಕ್ಕೂ ಹೊಂದುವುದಿಲ್ಲ.