ಯಂತ್ರದ ಕಾವಲುಗಾರನಿಗೆ ಯಜಮಾನ ಯಾರು?

ಸಹಕಾರಿ ಬ್ಯಾಂಕುಗಳ, ಪತ್ತಿನ ಸಂಘಗಳ ಬಾಗಿಲಿಗೆ ಈಗ ಹೊಸ ಬಗೆಯ ವ್ಯಾಪಾರಿ ಬಂದು ನಿಂತಿದ್ದಾನೆ. ಅವನು ಮಾರುವ ಸರಕು ಕೃತಕ ಬುದ್ಧಿಮತ್ತೆಯ ಸೈಬರ್ ಭದ್ರತಾ ಸಹಾಯಕ. ಅದು ನಿದ್ದೆ ಮಾಡುವುದಿಲ್ಲ, ರಜೆ ಕೇಳುವುದಿಲ್ಲ, ಸಂಬಳ ಹೆಚ್ಚಿಸಿರೆಂದು ಸಂಘ ಕಟ್ಟುವುದಿಲ್ಲ. ಅದನ್ನು ಕೊಂಡರೆ ಕಳ್ಳರ ಭಯವೇ ಇಲ್ಲವೆಂದು ಆಡಳಿತ ಮಂಡಳಿಯ ಮಹಾಶಯರಿಗೆ ಹೇಳಲಾಗುತ್ತಿದೆ. ಮಹಾಶಯರು ತಲೆದೂಗುತ್ತಿದ್ದಾರೆ. ಠೇವಣಿ ಇಟ್ಟ ರೈತನನ್ನಾಗಲಿ ಲೆಕ್ಕ ಬರೆಯುವ ಗುಮಾಸ್ತನನ್ನಾಗಲಿ ಯಾರೂ ಕೇಳುತ್ತಿಲ್ಲ. ಆದುದರಿಂದ ಅವರ ಪರವಾಗಿ ನಾವು ಕೇಳಬೇಕಾಗಿದೆ.

ನಾವು ಯಂತ್ರದ ವಿರೋಧಿಗಳಲ್ಲ. ಕಳ್ಳರ ಭಯ ಸುಳ್ಳೂ ಅಲ್ಲ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಸುಮಾರು 94 ಕೋಟಿ ರೂಪಾಯಿ ಕಳ್ಳರ ಪಾಲಾಯಿತು. ನಕಲಿ ಕಾರ್ಡು ಹಿಡಿದವರು 28 ದೇಶಗಳ ಎ.ಟಿ.ಎಂ.ಗಳಲ್ಲಿ ಹಣ ತೆಗೆದರು. ದಿನವೊಂದಕ್ಕೆ ಸಾವಿರಾರು ಸಾಲುಗಳ ದಾಖಲೆ ಉಗುಳುವ ಸರ್ವರಿನ ಮುಂದೆ ಕುಳಿತು ಎಲ್ಲವನ್ನೂ ಓದಲು ಮನುಷ್ಯನಿಂದ ಆಗದು. ನಡುರಾತ್ರಿ ಮ್ಯಾನೇಜರರ ಹೆಸರಿನಲ್ಲಿ ಯಾರೋ ಒಳಹೊಕ್ಕರೆ ಅದನ್ನು ಹೆಕ್ಕಿ ತೋರಿಸುವ ಯಂತ್ರ ಬರುವುದಾದರೆ ಬರಲಿ. ಆದರೆ ತೋರಿಸಿದ ಮೇಲೆ?

ಅಮೆರಿಕದ ಟಾರ್ಗೆಟ್ ಎಂಬ ಅಂಗಡಿ ಸಾಮ್ರಾಜ್ಯದ ಕಥೆ ಇಲ್ಲಿ ನೆನೆಯತಕ್ಕದ್ದು. 2013ರಲ್ಲಿ ಅದು ದುಬಾರಿ ಬೆಲೆಯ ಕಾವಲು ಯಂತ್ರವನ್ನು ಕೊಂಡು ಕೂರಿಸಿತ್ತು. ಆ ವರ್ಷದ ನವೆಂಬರ್ ಕೊನೆಯಲ್ಲಿ ಕಳ್ಳರು ಹೊಕ್ಕರು, ಯಂತ್ರ ಕೂಗಿಕೊಂಡಿತು. ಅದರ ಮೇಲೆ ಕಣ್ಣಿಟ್ಟಿದ್ದ ನಮ್ಮ ಬೆಂಗಳೂರಿನ ನೌಕರರು ಕೂಗನ್ನು ಕೇಳಿ ಮಿನಿಯಾಪೊಲಿಸ್‌ನ ದೊಡ್ಡ ಕಚೇರಿಗೆ ತಿಳಿಸಿದರೆಂದು 2014ರಲ್ಲಿ ವರದಿಗಳು ಬಂದವು. ಅಲ್ಲಿ ಯಾರೂ ಕದಲಲಿಲ್ಲ. 4 ಕೋಟಿ ಗ್ರಾಹಕರ ಕಾರ್ಡಿನ ವಿವರ ಕಳವಾಯಿತು. ಯಂತ್ರಕ್ಕೆ ಕಣ್ಣಿತ್ತು, ಬೆಂಗಳೂರಿಗೆ ಕಿವಿಯಿತ್ತು. ಬಾಗಿಲು ಮುಚ್ಚುವ ಅಧಿಕಾರ ಮಾತ್ರ ಮೂರನೆಯವನ ಜೇಬಿನಲ್ಲಿತ್ತು! ನಮ್ಮ ಸಂಘಗಳಲ್ಲಿಯೂ ಹೀಗೆಯೇ ಅಲ್ಲವೇ? ಕೆಲಸ ಗುಮಾಸ್ತನದು, ಅಧಿಕಾರ ಅಧ್ಯಕ್ಷರದು, ತಪ್ಪಾದಾಗ ಹೊಣೆ ಮತ್ತೆ ಗುಮಾಸ್ತನದು.

ಹಾಗಾದರೆ ಅಧಿಕಾರವನ್ನೆಲ್ಲ ಯಂತ್ರಕ್ಕೇ ಕೊಟ್ಟುಬಿಡೋಣ ಎನ್ನುತ್ತಾನೆ ವ್ಯಾಪಾರಿ. 2024ರ ಜುಲೈ 19ರಂದು ಏನಾಯಿತೆಂಬುದನ್ನು ಅವನು ಹೇಳುವುದಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರಿತ ಕಡತದಿಂದ ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರುಗಳು ಕುಸಿದುಬಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ಯಾವ ಕಳ್ಳನೂ ಬಂದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಓದಿ ಅರ್ಥಮಾಡಿಕೊಳ್ಳುವ ಸಹಾಯಕನಿಗೆ ಇನ್ನೊಂದು ರೋಗವಿದೆ: ಓದಿದ್ದನ್ನು ಆಜ್ಞೆಯೆಂದು ನಂಬುವುದು. ಮೈಕ್ರೋಸಾಫ್ಟ್‌ನ ಕೋಪೈಲಟ್ ಸಹಾಯಕನಿಗೆ ಮಿಂಚಂಚೆಯೊಂದರಲ್ಲಿ ಗುಟ್ಟಾಗಿ ಆಜ್ಞೆ ಅಡಗಿಸಿ ಕಳಿಸಿದರೆ ಅದು ಸಂಸ್ಥೆಯ ಒಳಗುಟ್ಟನ್ನು ಹೊರಗೆ ಸಾಗಿಸಬಲ್ಲದೆಂದು 2025ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಆ ಬಿರುಕನ್ನು ಕಂಪನಿ ಮುಚ್ಚಿತು, ಸರಿ. ಆದರೆ ಕಳ್ಳನ ಪತ್ರವನ್ನೂ ಯಜಮಾನನ ಪತ್ರವನ್ನೂ ಒಂದೇ ಶ್ರದ್ಧೆಯಿಂದ ಓದುವ ಆಳಿನ ಕೈಗೆ ಬೀಗದ ಕೈ ಗೊಂಚಲನ್ನು ಕೊಡುವ ಗೃಹಸ್ಥ ಯಾರಿದ್ದಾನೆ?

ಇದೆಲ್ಲದರ ಬುಡದಲ್ಲಿರುವುದು ಒಡೆತನದ ಪ್ರಶ್ನೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಒಂದೇ ಕಂಪನಿಯ ವ್ಯವಸ್ಥೆಗೆ ಪೆಟ್ಟು ಬಿದ್ದಾಗ, ಅದನ್ನು ನೆಚ್ಚಿದ್ದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಹಣ ಪಾವತಿ ತಾತ್ಕಾಲಿಕವಾಗಿ ನಿಂತಿತು. ಆ ಕಂಪನಿಯ ಹೆಸರನ್ನೇ ಕೇಳಿರದ ಹಳ್ಳಿಗ ಅದರ ಫಲ ಉಂಡನು. 1951ರ ಕಾಗೋಡು ಸತ್ಯಾಗ್ರಹದ ಬೇರಿನಲ್ಲಿದ್ದುದು ಗೇಣಿ ಭತ್ತವನ್ನು ಅಳೆಯುವ ಕೊಳಗದ ಪ್ರಶ್ನೆ. ಕೊಳಗ ಒಡೆಯನದಾದರೆ ಒಕ್ಕಲಿಗೆ ನ್ಯಾಯವಿಲ್ಲ ಎಂಬುದನ್ನು ಮಲೆನಾಡಿನ ಗೇಣಿದಾರರು ಅಂದೇ ಬಲ್ಲರು. ಯಾವ ವ್ಯವಹಾರ ಸಹಜ, ಯಾವುದು ಸಂಶಯಾಸ್ಪದ ಎಂದು ಅಳೆಯುವ ಕೊಳಗ ಈಗ ಕಂಪನಿಯ ಕೈಗೆ ಹೋಗುತ್ತಿದೆ. ವರ್ಷವೆಲ್ಲ ಸದ್ದಿಲ್ಲದ ಖಾತೆಗೆ ಅಡಿಕೆ ಮಾರಿದ ಹಣ ಒಮ್ಮೆಲೇ ಬರುತ್ತದೆ, ಮರುದಿನ ಮಗಳ ಮದುವೆಗೆಂದು ಹೋಗುತ್ತದೆ. ನಮ್ಮ ಊರಿನ ಬದುಕು ತಿಳಿಯದ ಯಂತ್ರದ ಕಣ್ಣಿಗೆ ಆ ರೈತನೇ ಕಳ್ಳನಾಗಿ ಕಂಡರೆ, ಮುಹೂರ್ತದ ದಿನ ಅವನು ಯಾರ ಬಾಗಿಲು ಬಡಿಯಬೇಕು?

ಆದುದರಿಂದ ನಮ್ಮ ಬೇಡಿಕೆಗಳು ಇವು.

ಒಂದು: ಸಹಾಯಕನನ್ನು ಕೊಳ್ಳುವ ಮೊದಲು ಮನೆಯ ಲೆಕ್ಕವಾಗಲಿ. ಎಷ್ಟು ಕಂಪ್ಯೂಟರು, ಯಾರ ಕೈಯಲ್ಲಿ ಯಾವ ಅಧಿಕಾರ ಎಂಬುದು ಪಟ್ಟಿಯಾಗಲಿ. ಐದು ಜನಕ್ಕೆ ಒಂದೇ ಪಾಸ್‌ವರ್ಡ್ ಇರುವ ಕಚೇರಿಯಲ್ಲಿ ಒಳಬಂದವನು ಯಾರೆಂದು ಯಾವ ಬುದ್ಧಿಮತ್ತೆ ಹೇಳೀತು?

ಎರಡು: ಯಂತ್ರ ನೋಡಲಿ, ಓದಲಿ, ಎಚ್ಚರಿಸಲಿ. ಸದಸ್ಯನ ಖಾತೆಗೆ ಬೀಗ ಹಾಕುವ ನಿರ್ಣಯಕ್ಕೆ ಹೆಸರುಳ್ಳ ಮನುಷ್ಯನೊಬ್ಬ ರುಜು ಮಾಡಲಿ.

ಮೂರು: ರಾತ್ರಿ ಎಚ್ಚರಿಕೆ ಬಂದಾಗ ಜಾಲದ ಸಂಪರ್ಕ ಕಡಿದುಹಾಕುವ ಅಧಿಕಾರ ಪಾಳಿಯ ನೌಕರನಿಗೆ ಲಿಖಿತವಾಗಿ ಸಿಗಲಿ, ತರಬೇತಿಯೂ ಸಿಗಲಿ. ಸದುದ್ದೇಶದಿಂದ ಕಡಿದವನನ್ನು ದಂಡಿಸಕೂಡದು.

ನಾಲ್ಕು: ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ದಾಖಲೆಯನ್ನು ಇಡಬೇಕು ಎಂದು ಕೇಂದ್ರದ ಸೆರ್ಟ್-ಇನ್ ಸಂಸ್ಥೆ 2022ರಲ್ಲಿಯೇ ಆಜ್ಞೆ ಮಾಡಿದೆ. ಆ ದಾಖಲೆ ಸಂಘದ ಸ್ವತ್ತಾಗಿರಲಿ. ಸದಸ್ಯರ ವಿವರಗಳಿಂದ ಕಂಪನಿ ತನ್ನ ಯಂತ್ರಕ್ಕೆ ಪಾಠ ಹೇಳಿಸಕೂಡದೆಂದು ಕರಾರಿನಲ್ಲಿ ಬರೆಯಲಿ.

ಸದಸ್ಯ ಬಂಧುಗಳೇ, ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಉಪ್ಪಿಟ್ಟು ತಿಂದು ಕೈ ಎತ್ತಿ ಬರಬೇಡಿ. ಕರಾರನ್ನು ಕನ್ನಡದಲ್ಲಿ ಓದಿಸಿ. ಈ ಕಾವಲುಗಾರ ಯಾರ ಮಾತು ಕೇಳುತ್ತಾನೆ, ತಪ್ಪಿದರೆ ಯಾರು ಉತ್ತರ ಕೊಡುತ್ತಾರೆ ಎಂದು ಎದ್ದು ನಿಂತು ಕೇಳಿ. ಉತ್ತರ ಬರುವವರೆಗೆ ಠರಾವು ಪಾಸಾಗಲು ಬಿಡಬೇಡಿ.