ಥೈರಾಯ್ಡಿಗೆ ಮದ್ದೇನೋ ಸರಿ, ಯಾವ ಥೈರಾಯ್ಡಿಗೆ?

ಕೊಲ್ಲಮೊಗ್ರಿನಿಂದ ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ ಅಡಿಕೆ ರೇಟಿನ ಮಾತು ಮುಗಿದರೆ ಕಾಯಿಲೆ, ಮದ್ದಿನ ಮಾತು. "ಥೈರಾಯ್ಡಾ? ನನಗೆ ಬೇರಿನ ಪುಡಿಯಲ್ಲೇ ಗುಣ ಆಯ್ತು, ನೀವೂ ತಿಂದು ನೋಡಿ ಅಕ್ಕ" ಎಂದು ಒಬ್ಬರು ಹೇಳಿದರೆ ಸಾಕು, ಮರುದಿನ ಇನ್ನೊಂದು ಮನೆಗೆ ಪುಡಿಯ ಡಬ್ಬಿ ಬಂತೆಂದೇ ಲೆಕ್ಕ!

ಕೇಳಬೇಕಾದ ಪ್ರಶ್ನೆ ಮಾತ್ರ ಯಾರೂ ಕೇಳುವುದಿಲ್ಲ. ಥೈರಾಯ್ಡ್ ಹೆಚ್ಚಾದದ್ದೋ, ಕಮ್ಮಿಯಾದದ್ದೋ?

ಕಮ್ಮಿಯಾದವರಿಗೆ ಸುಸ್ತು, ಚಳಿ, ತೂಕ ಏರಿಕೆ. ಹೆಚ್ಚಾದವರಿಗೆ ಎದೆ ಡವಡವ, ಕೈ ನಡುಕ, ಬೆವರು; ಎಷ್ಟು ಉಂಡರೂ ಮೈ ಇಳಿಯುತ್ತದೆ. ಗ್ರಂಥಿ ಒಂದೇ, ಕಾಯಿಲೆಯ ದಿಕ್ಕು ಬೇರೆ.

ಅಶ್ವಗಂಧವನ್ನೇ ನೋಡಿ. ಥೈರಾಯ್ಡ್ ಸ್ವಲ್ಪ ಕಮ್ಮಿಯಿದ್ದ 50 ಮಂದಿಯ ಮೇಲೆ ನಡೆದ ಪರೀಕ್ಷೆಯೊಂದರ ವರದಿ 2018ರಲ್ಲಿ ಪ್ರಕಟವಾಯಿತು. ದಿನಕ್ಕೆ 600 ಮಿಲಿಗ್ರಾಂನಂತೆ 8 ವಾರ ಬೇರಿನ ಸಾರ ತಿಂದವರಲ್ಲಿ ಹಾರ್ಮೋನು ಏರಿತು. ಅವರಿಗದು ಒಳ್ಳೆಯದೇ. ಆದರೆ ಮೊದಲೇ ಹೆಚ್ಚಾಗಿರುವವರು ಅದನ್ನೇ ತಿಂದರೆ? ಉರಿಯುವ ಒಲೆಗೆ ಇನ್ನೊಂದು ಕೊಳ್ಳಿ ಇಟ್ಟಂತೆ! ಅಯೋಡಿನ್ ತುಂಬಿದ ಸಮುದ್ರ ಪಾಚಿಯ ಮಾತ್ರೆಗಳೂ ಇವರಿಗೆ ಆಗದು.

ಹೆಚ್ಚಾದ ಥೈರಾಯ್ಡಿಗೆ ವೈದ್ಯರು ಸಾಮಾನ್ಯವಾಗಿ ಕೊಡುವುದು ಕಾರ್ಬಿಮಜೋಲ್ ಮಾತ್ರೆ. ಗುಣ ಕಾಣಲು ಕೆಲವು ವಾರ ಬೇಕು. 12ರಿಂದ 18 ತಿಂಗಳು ನುಂಗಬೇಕಾಗುವುದೂ ಉಂಟು. ಬೇರು ಸಿಕ್ಕಿತೆಂದು ಮಾತ್ರೆ ಬಿಟ್ಟರೆ ಹೃದಯದ ಬಡಿತ ತಾಳ ತಪ್ಪೀತು, ಮೂಳೆ ಸವೆದೀತು.

ಇನ್ನೊಂದು ಸಂಗತಿ. ಈ ಮಾತ್ರೆ ನುಂಗುವವರಲ್ಲಿ ಅಪರೂಪಕ್ಕೆ ರಕ್ತದ ಬಿಳಿಕಣ ಕುಸಿಯುತ್ತದೆ. ಜ್ವರ, ಗಂಟಲು ನೋವು ಬಂದರೆ ನಮ್ಮ ಕಡೆ ಮೊದಲು ಕರಿಮೆಣಸಿನ ಕಷಾಯ. ಇವರು ಹಾಗೆ ಕೂರಬಾರದು. ಮಾತ್ರೆ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಬೇಕು.

ಹಾಗಾದರೆ ಗಿಡಮೂಲಿಕೆಯೆಲ್ಲ ಬಿಸಾಡಬೇಕೇ? ಬೇಡ. ಊಟಕ್ಕೆ ತಿಮರೆ ಚಟ್ನಿ, ತಂಬುಳಿ ಇರಲಿ. ಯಾರ ತಕರಾರೂ ಇಲ್ಲ. ಅದರಿಂದ ಥೈರಾಯ್ಡ್ ಇಳಿಯುತ್ತದೆಂದು ಮಾತ್ರೆ ಬಿಡುವುದು ಬೇಡ, ಅಷ್ಟೆ. ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜೂ ಇದೆ, ಕೆ.ವಿ.ಜಿ. ಆಯುರ್ವೇದ ಕಾಲೇಜೂ ಇದೆ. ಇಲ್ಲಿ ತಿನ್ನುವುದನ್ನು ಅಲ್ಲಿ, ಅಲ್ಲಿ ತಿನ್ನುವುದನ್ನು ಇಲ್ಲಿ ಬಾಯಿಬಿಟ್ಟು ಹೇಳಿದರೆ ಅರ್ಧ ಅಪಾಯ ತಪ್ಪಿತು. ಹೇಳಿದವರನ್ನು ವೈದ್ಯರೂ ಗದರಿಸಬಾರದು. ಗದರಿಸಿದರೆ ಮುಂದಿನ ಸಲ ಅವರು ಬಾಯಿ ಬಿಡುವುದೇ ಇಲ್ಲ.

ಮದ್ದಿನ ಅಂಗಡಿಯವರೂ ಡಬ್ಬಿ ಕೊಡುವ ಮೊದಲು "ಹೆಚ್ಚೋ, ಕಮ್ಮಿಯೋ?" ಎಂದು ಒಂದು ಮಾತು ಕೇಳಲಿ. ಕೇಳುವುದಕ್ಕೆ ಕಾಸು ಖರ್ಚಿಲ್ಲವಲ್ಲ!