ಹತ್ತಿಯ ಹೊಲದಿಂದ ಕೋಡಿನ ಅಂಗಿಗೆ: ಮೂರು ದಶಕಗಳ ಲೆಕ್ಕ

ಪ್ರೋಗ್ರಾಮಿಂಗ್ ಭಾಷೆಯೊಂದರ ಹೆಸರನ್ನೋ ಲಾಂಛನವನ್ನೋ ಒಂದೆರಡು ಸಾಲು ಕೋಡನ್ನೋ ಅಚ್ಚು ಹಾಕಿದ ಟಿ-ಶರ್ಟ್ ತೊಡುವ ರೂಢಿಗೆ ಈಗ ಮೂವತ್ತು ವರ್ಷ ತುಂಬಿದೆ. ಬೆಂಗಳೂರಿನಲ್ಲಿ ಅದು ಬೇರೂರಿಯೂ ಇಪ್ಪತ್ತು ವರ್ಷದ ಮೇಲಾಯಿತು. ಯಾದಗಿರಿ ಜಿಲ್ಲೆಯ ವಡಗೇರಾ, ಶಹಾಪುರ, ಸುರಪುರದ ಹುಡುಗ-ಹುಡುಗಿಯರು ಬೆಂಗಳೂರಿಗೋ ಹೈದರಾಬಾದಿಗೋ ಓದಲು, ದುಡಿಯಲು ಹೋಗಿ ದೀಪಾವಳಿಗೆ ಊರಿಗೆ ಬಂದಾಗ ಇಂಥ ಅಂಗಿಯೂ ಅವರ ಮೈಮೇಲೆ ಬರುತ್ತದೆ. ಅದೇ ಹೊತ್ತಿಗೆ ಊರ ಸುತ್ತಲಿನ ಹೊಲಗಳಲ್ಲಿ ಹತ್ತಿ ಒಡೆದು ನಿಂತಿರುತ್ತದೆ. ಅಂಗಿಗೆ ಬೇಕಾದ ಹತ್ತಿ ಇಲ್ಲಿಯದು; ಅದರ ಮೇಲಿನ ಅಕ್ಷರ, ಅದನ್ನು ಹೊಲಿದ ಕೂಲಿ, ಮಾರಿದ ಲಾಭ ಎಲ್ಲವೂ ಬೇರೆಡೆಯವು. ಈ ಸಣ್ಣ ವ್ಯಾಪಾರದಲ್ಲಿ ಯಾವುದು ಕೈಹಿಡಿಯಿತು, ಯಾವುದು ಕೈಕೊಟ್ಟಿತು, ನಮ್ಮ ಸೀಮೆಗೆ ಬಂದ ಪಾಲೆಷ್ಟು ಎಂದು ಜಮಾ-ಖರ್ಚು ಬರೆದು ನೋಡುವುದು ಒಳ್ಳೆಯದು.

ಜಮೆಯಲ್ಲಿ ಮೊದಲು ಬರೆಯಬೇಕಾದ್ದು ಧೈರ್ಯವನ್ನು. 1995ರ ಸುಮಾರಿಗೆ ಇಂಗ್ಲೆಂಡಿನ ಆಡಂ ಬ್ಯಾಕ್ ಅವರು ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನವನ್ನು ಪರ್ಲ್ ಭಾಷೆಯ ಕೆಲವೇ ಸಾಲುಗಳಿಗೆ ಇಳಿಸಿದರು. ಆಗ ಅಮೆರಿಕದ ಕಾನೂನು ಬಲವಾದ ಗೂಢಲಿಪಿ ತಂತ್ರಾಂಶವನ್ನು ಮದ್ದುಗುಂಡಿನ ಸಾಲಿಗೆ ಸೇರಿಸಿತ್ತು; ಪರವಾನಗಿ ಇಲ್ಲದೆ ಅದನ್ನು ದೇಶದ ಗಡಿ ದಾಟಿಸುವಂತಿರಲಿಲ್ಲ. ಆ ಸಾಲುಗಳನ್ನೇ ಅಂಗಿಗೆ ಅಚ್ಚು ಹಾಕಿ, ಈ ಅಂಗಿಯೂ ಮದ್ದುಗುಂಡೇ ಎಂಬ ಎಚ್ಚರಿಕೆ ಬರೆದು ಮಾರಿದರು. ತೊಟ್ಟುಕೊಂಡು ವಿಮಾನ ಹತ್ತಿದವನು ಆಯುಧ ಸಾಗಿಸಿದಂತಾಗುತ್ತದೆಯೇ ಎಂದು ಕೇಳಿದಾಗ ನಿಯಮದ ಹುಳುಕು ತಾನಾಗಿ ಹೊರಬಿತ್ತು. 2000ದಲ್ಲಿ ಇನ್ನೊಂದು ಪ್ರಸಂಗ. ಡಿವಿಡಿಯ ಬೀಗ ಬಿಚ್ಚುವ ಡಿಸಿಎಸ್‌ಎಸ್ ಕೋಡನ್ನು ಟಿ-ಶರ್ಟಿನ ಮೇಲೆ ಅಚ್ಚು ಹಾಕಿ ಮಾರಿದ ಕಾಪಿಲೆಫ್ಟ್ ಎಂಬ ಕಂಪನಿಯನ್ನು ಡಿವಿಡಿ ಉದ್ಯಮದವರು ಕೋರ್ಟಿಗೆಳೆದರು. ಕೋಡ್ ಎಂದರೆ ಬರೀ ಯಂತ್ರಕ್ಕೆ ಕೊಡುವ ಆಜ್ಞೆಯೋ ಮನುಷ್ಯ ಆಡುವ ಮಾತೂ ಹೌದೋ ಎಂಬ ದೊಡ್ಡ ವಾದದಲ್ಲಿ ಒಂದು ತುಂಡು ಬಟ್ಟೆ ಸಾಕ್ಷಿ ಹೇಳಿತು.

ಕರ್ನಾಟಕಕ್ಕೆ ಈ ಅಂಗಿ ಬಂದದ್ದು ಸಮ್ಮೇಳನಗಳ ಹಾದಿಯಲ್ಲಿ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿ ಶುರುವಾದ ಮುಕ್ತ ತಂತ್ರಾಂಶದ ಮೇಳ 2005ರಲ್ಲಿ ಫಾಸ್ ಡಾಟ್ ಇನ್ ಆಯಿತು. ಅತುಲ್ ಚಿಟ್ನಿಸ್ ಅವರ ಮುಂದಾಳ್ತನದಲ್ಲಿ 2012ರವರೆಗೆ ನಡೆಯಿತು. ಬೆಂಗಳೂರಿನಲ್ಲಿ ಪೈಥಾನ್ ಭಾಷೆ ಬಳಸುವವರ ಬಳಗ ಬ್ಯಾಂಗ್‌ಪೈಪರ್ಸ್ ಬೆಳೆದದ್ದೂ ಅದೇ ಕಾಲದಲ್ಲಿ. 2009ರ ಸೆಪ್ಟೆಂಬರ್‌ನಲ್ಲಿ ದೇಶದ ಮೊದಲ ಪೈಕಾನ್ ಇಂಡಿಯಾ ಸಮ್ಮೇಳನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೇರಿತು. ಆಮೇಲೆ ಪುಣೆ, ದೆಹಲಿ, ಹೈದರಾಬಾದ್, ಚೆನ್ನೈ ಸುತ್ತಿ 2024ರಲ್ಲಿ ಬೆಂಗಳೂರಿಗೆ ಮರಳಿತು. ಇಂಥ ಸಮ್ಮೇಳನಗಳನ್ನು ನಡೆಸುವವರು ಹೆಚ್ಚಾಗಿ ಸ್ವಯಂಸೇವಕರು. ಹಗಲು ಕಂಪನಿಯ ಕೆಲಸ ಮುಗಿಸಿ, ರಾತ್ರಿ ಕೂತು ಅಂಗಿಯ ಚಿತ್ರ ಬಿಡಿಸಿ, ಅಚ್ಚಿನವನೊಡನೆ ದರಕ್ಕೆ ಚೌಕಾಸಿ ಮಾಡುವವರೂ ಇವರೇ.

ಹೊರಗಿನವರಿಗೆ ಸುಲಭವಾಗಿ ಕಂಡರೂ ಈ ಕೆಲಸ ಲೆಕ್ಕಾಚಾರದ್ದು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಬಣ್ಣಕ್ಕೊಂದು ಸ್ಕ್ರೀನ್ ಕಟ್ಟಬೇಕು. ಹತ್ತು ಅಂಗಿ ಮಾಡಿಸಿದರೂ ನೂರು ಮಾಡಿಸಿದರೂ ಆ ಖರ್ಚು ಅಷ್ಟೇ. ಆದ್ದರಿಂದ ಬಣ್ಣ ಒಂದೋ ಎರಡೋ ಇದ್ದು, ಸಂಖ್ಯೆ ಹೆಚ್ಚಿದ್ದರೆ ಮಾತ್ರ ಗಿಟ್ಟುತ್ತದೆ. ಬಟ್ಟೆ 180 ಜಿಎಸ್ಎಂಗಿಂತ (ಚದರ ಮೀಟರಿಗೆ 180 ಗ್ರಾಂ) ತೀರಾ ತೆಳುವಾದರೆ ನಾಲ್ಕು ಒಗೆತಕ್ಕೆ ಜೋತುಬೀಳುತ್ತದೆ. ಎಲ್ಲಕ್ಕಿಂತ ದೊಡ್ಡ ತಲೆನೋವು ಅಳತೆ. ಅಂದಾಜಿನ ಮೇಲೆ ಮಾಡಿಸಿದರೆ ಮೀಡಿಯಂ, ಲಾರ್ಜ್ ಮೊದಲ ದಿನವೇ ಖಾಲಿಯಾಗಿ ತೀರಾ ಚಿಕ್ಕವು, ತೀರಾ ದೊಡ್ಡವು ಪೆಟ್ಟಿಗೆಯಲ್ಲಿ ಕೊಳೆಯುತ್ತವೆ. ಹೆಂಗಸರ ಅಳತೆಯನ್ನು ಆರ್ಡರ್ ಪಟ್ಟಿಗೆ ಸೇರಿಸುವುದನ್ನೇ ಮರೆತ ಬಳಗಗಳೂ ಇದ್ದವು. ಯಾರು ಬರುತ್ತಾರೆಂದು ನಿರೀಕ್ಷಿಸಿದ್ದರು ಎಂಬುದು ಆ ಪಟ್ಟಿ ನೋಡಿದರೇ ತಿಳಿಯುತ್ತಿತ್ತು. ಮುಂಗಡ ಹಣ, ಮುಂಗಡ ಅಳತೆ ಪಡೆದು ಆಮೇಲೆ ಅಚ್ಚಿಗೆ ಕೊಡುವ ಪದ್ಧತಿ ಬಂದ ಬಳಿಕವೇ ನಷ್ಟ ತಗ್ಗಿತು. ಈಚೆಗೆ ಫಿಲ್ಮಿನ ಮೇಲೆ ಅಚ್ಚು ಹಾಕಿ ಬಟ್ಟೆಗೆ ಒತ್ತುವ ಡಿಟಿಎಫ್ ಯಂತ್ರ ಬಂದು ಒಂದೇ ಒಂದು ಅಂಗಿಯನ್ನೂ ಬಹುಬಣ್ಣದಲ್ಲಿ ಅಚ್ಚು ಹಾಕಿ ಕೊಡುವುದು ಸಾಧ್ಯವಾಗಿದೆ. ದೊಡ್ಡ ಆರ್ಡರ್ ಇಲ್ಲದೆ ಈ ಕಸುಬಿಗೆ ಇಳಿಯಲಾಗದು ಎಂಬ ಗೋಡೆ ಕುಸಿದದ್ದು ಅದರಿಂದ.

ಲಾಂಛನ ಯಾರದು ಎಂಬ ಪ್ರಶ್ನೆಯೂ ಈ ಮೂವತ್ತು ವರ್ಷದಲ್ಲಿ ಬಗೆಬಗೆಯಾಗಿ ಎದ್ದಿದೆ. ಗೋ ಭಾಷೆಯ ಗೋಫರ್ ರೆನೀ ಫ್ರೆಂಚ್ ಬರೆದ ಚಿತ್ರ. ಕಲಾವಿದೆಯ ಹೆಸರು ಹೇಳಿ ಯಾರಾದರೂ ಬಳಸಬಹುದು. ರಸ್ಟ್ ಭಾಷೆಯ ಬಳಗದ ಏಡಿ ಫೆರಿಸ್ ಎಲ್ಲರ ಸೊತ್ತು. ಪೈಥಾನ್‌ನ ಜೋಡಿ ಹಾವಿನ ಲಾಂಛನ ಹಾಗಲ್ಲ. ಅದು ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ನಿನ ನೋಂದಾಯಿತ ಗುರುತು; ವ್ಯಾಪಾರಕ್ಕೆ ಬಳಸುವವರು ಅನುಮತಿ ಕೇಳಬೇಕು. ಪರ್ಲ್‌ನ ಒಂಟೆ ಓರೈಲಿ ಪ್ರಕಾಶನದ್ದು. 2023ರ ಏಪ್ರಿಲ್‌ನಲ್ಲಿ ರಸ್ಟ್ ಫೌಂಡೇಶನ್ ತನ್ನ ಹೆಸರು-ಲಾಂಛನಗಳ ಬಳಕೆಗೆ ಬಿಗಿ ನಿಯಮದ ಕರಡು ಹೊರಡಿಸಿದಾಗ ಬಳಗವೇ ತಿರುಗಿಬಿದ್ದು, ಸಂಸ್ಥೆ ಕ್ಷಮೆ ಕೇಳಬೇಕಾಯಿತು. ಚಿತ್ರವನ್ನು ಬಿಟ್ಟುಕೊಟ್ಟ ಭಾಷೆಗಳ ಅಂಗಿಗಳಲ್ಲಿ ಹೊಸ ಹೊಸ ರೂಪ ಹುಟ್ಟಿದವು. ಸೀರೆ ಉಟ್ಟ, ಪೇಟ ಸುತ್ತಿದ ಗೋಫರ್ ಬರೆಯಲು ಯಾರಪ್ಪಣೆಯೂ ಬೇಡ. ಬಿಗಿಹಿಡಿದ ಕಡೆ ಕಳ್ಳಮಾಲು ತಡೆಯುವುದು ಸುಲಭವಾಯಿತು, ಕಲ್ಪನೆ ಮಾತ್ರ ಸೊರಗಿತು.

ಖರ್ಚಿನ ಕಡೆ ಎದ್ದು ಕಾಣುವುದು ಪುಕ್ಕಟೆ ಅಂಗಿ. ಡಿಜಿಟಲ್ ಓಷನ್ ಕಂಪನಿ 2014ರಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಆರಂಭಿಸಿತು. ಅಕ್ಟೋಬರ್ ತಿಂಗಳಲ್ಲಿ ಮುಕ್ತ ತಂತ್ರಾಂಶಗಳಿಗೆ ಗೊತ್ತುಪಡಿಸಿದಷ್ಟು ತಿದ್ದುಪಡಿ ಕಳಿಸಿದವರಿಗೆ ಟಿ-ಶರ್ಟ್ ಬಹುಮಾನ. ಎಷ್ಟೋ ವಿದ್ಯಾರ್ಥಿಗಳು ಮೊದಲ ಬಾರಿ ದೊಡ್ಡ ಯೋಜನೆಯೊಂದಕ್ಕೆ ಕೈಹಚ್ಚಿದ್ದು ಈ ಆಸೆಯಿಂದಲೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ 2020ರಲ್ಲಿ ಅರ್ಥವಿಲ್ಲದ ಒಂದು ಪದ ಸೇರಿಸಿ, ಒಂದು ಚುಕ್ಕೆ ಅಳಿಸಿ ಕಳಿಸುವವರ ನೆರೆಯೇ ಹರಿಯಿತು. ಅದರಲ್ಲಿ ನಮ್ಮ ದೇಶದವರ ಪಾಲು ಚಿಕ್ಕದಾಗಿರಲಿಲ್ಲ. ಸಂಬಳವಿಲ್ಲದೆ ಆ ಯೋಜನೆಗಳನ್ನು ಕಾಯುತ್ತಿದ್ದವರು ಕಸ ಗುಡಿಸುವುದರಲ್ಲೇ ತಿಂಗಳು ಕಳೆದರು. ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಎಂದು ಆ ತಿಂಗಳಲ್ಲೇ ನಿಯಮ ಬದಲಾಯಿತು. 2023ರಲ್ಲಿ ಅಂಗಿಯ ಜಾಗಕ್ಕೆ ಡಿಜಿಟಲ್ ಬಿಲ್ಲೆ ಬಂತು. ಕಾಸು ಕೊಟ್ಟು ಕೊಂಡ ಅಂಗಿ ಬಳಗಕ್ಕೆ ಜನ ತಂದಿತು. ಆಮಿಷವಾಗಿ ಹಂಚಿದ ಅಂಗಿ ತಂದದ್ದು ಬರೀ ಸಂತೆ.

ಇನ್ನು ಕನ್ನಡದ ಬಾಬತ್ತು. ನವೆಂಬರ್ ಬಂದರೆ ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಹಳದಿ-ಕೆಂಪು ಟಿ-ಶರ್ಟ್‌ಗಳ ಜಾತ್ರೆ. ಕನ್ನಡದ ನಗೆಮಾತು, ಆಡುಮಾತು ಬರೆದ ಅಂಗಿಗಳಿಗೆ ಒಳ್ಳೆಯ ಮಾರುಕಟ್ಟೆ ಬೆಳೆದಿದೆ. ಆದರೆ ರಾಜ್ಯೋತ್ಸವದ ಅಂಗಿ ತೊಟ್ಟ ಅದೇ ಎಂಜಿನಿಯರ್ ಕೋಡಿನ ಸಮ್ಮೇಳನಕ್ಕೆ ಹೊರಟಾಗ ಇಂಗ್ಲಿಷಿನ ಅಂಗಿ ತೊಡುತ್ತಾನೆ. ಕನ್ನಡದ ಅಭಿಮಾನಕ್ಕೊಂದು ಅಂಗಿ, ಕನ್ನಡಿಗನ ವಿದ್ಯೆಗೆ ಬೇರೊಂದು ಅಂಗಿ.

ಇದಕ್ಕೆ ತಂತ್ರದ ಅಡ್ಡಿಯೂ ಕಾರಣವಾಗಿತ್ತು. ಯೂನಿಕೋಡ್ ಕನ್ನಡವನ್ನು ಹಳೆಯ ಫೋಟೋಶಾಪ್, ಕೋರೆಲ್‌ಡ್ರಾ ಆವೃತ್ತಿಗಳಿಗೆ ಅಂಟಿಸಿದರೆ ಒತ್ತಕ್ಷರ ಬಿಡಿಬಿಡಿಯಾಗಿ ಚೆಲ್ಲಾಡುತ್ತಿತ್ತು. ಅಚ್ಚಿನವರ ಬಳಿ ಇದ್ದದ್ದು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರ; ಬಳಗದವರು ಕಳಿಸುತ್ತಿದ್ದದ್ದು ಯೂನಿಕೋಡ್. ನಡುವೆ ಸಿಕ್ಕ ಅಕ್ಷರಕ್ಕೆ ಗತಿಯಿಲ್ಲ. ಈಗ ಆ ನೆಪ ಉಳಿದಿಲ್ಲ. ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ ಮತ್ತು ನವಿಲು, ಎಕ್ ಟೈಪ್ ತಂಡದ ಬಲೂ ತಮ್ಮ ಮುಂತಾದ ಅಕ್ಷರಗಳು ಯಾರಿಗಾದರೂ ಪುಕ್ಕಟೆ ಸಿಗುತ್ತವೆ. ಸಪೂರ ಗೆರೆಯ ಅಕ್ಷರವಾದರೆ ಒತ್ತಿನ ಸಂದಿಯಲ್ಲಿ ಶಾಯಿ ತುಂಬಿಕೊಂಡು ಕಲೆಯಾಗುತ್ತದೆ. ಬಲೂ ತಮ್ಮದಂಥ ದಪ್ಪ, ದುಂಡನೆಯ ಅಕ್ಷರ ಬಟ್ಟೆಗೆ ಹೊಂದುತ್ತದೆ. ಅಚ್ಚಿಗೆ ಕಳಿಸುವ ಮುನ್ನ ಅಕ್ಷರವನ್ನು ಕರ್ವ್ ಮಾಡಿ, ಅಂದರೆ ಗೆರೆಚಿತ್ರವಾಗಿಸಿ, ಕಳಿಸಿದರೆ ಒಡೆಯುವ ಭಯವೂ ಇಲ್ಲ.

ಬರೆಯಲು ಸರಕಿಗೇನು ಕೊರತೆ? 2008ರಲ್ಲಿ ಬಂದ ಪೈಥಾನ್ 3 ಕನ್ನಡದ ಹೆಸರುಗಳನ್ನು ಒಪ್ಪುತ್ತದೆ. ಹತ್ತಿ, ಅಂಗಿ, ಬೆಲೆ ಎಂದು ಚರಾಂಕಗಳಿಗೆ ಹೆಸರಿಟ್ಟು ಬರೆದ ನಾಲ್ಕು ಸಾಲಿನ ಪ್ರೋಗ್ರಾಮ್ ನಿಜಕ್ಕೂ ಓಡುತ್ತದೆ. ಜಿಎಸ್‌ಟಿ ಎಂದು ಬರೆಯಲು ಹೊರಟರೆ ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯಲು ಅದರೊಳಗೆ ಕಾಣದಂತೆ ಕೂತ ಜೆಡ್‌ಡಬ್ಲ್ಯುಎನ್‌ಜೆ ಗುರುತಿಗೆ ಪೈಥಾನ್ ತಕರಾರು ತೆಗೆಯುತ್ತದೆ. ಬಲ್ಲವರಿಗೆ ಅದೂ ಅಂಗಿಯ ಮೇಲೆ ಬರೆಯುವಂಥ ಒಳ್ಳೆಯ ತಮಾಷೆ. ಮಕ್ಕಳಿಗೆ ಕೋಡಿಂಗ್ ಕಲಿಸುವ ಲೋಗೋ ಭಾಷೆಯನ್ನು ಡಾ. ಯು.ಬಿ. ಪವನಜ ಅವರು ಕನ್ನಡಕ್ಕೆ ತಂದಿದ್ದಾರೆ. ಆಜ್ಞೆಯನ್ನು ಕನ್ನಡದಲ್ಲೇ ಪಡೆದು ಗೆರೆ ಎಳೆಯುವ ಆ ಆಮೆಯನ್ನು ಶಾಲಾ ಮಕ್ಕಳ ಅಂಗಿಯ ಮೇಲೆ ಈಗಾಗಲೇ ಕಾಣಬೇಕಿತ್ತು.

ಈಗ ವಡಗೇರಾದ ಪುಟ. 2017ರ ರಾಜ್ಯ ಬಜೆಟ್‌ನಲ್ಲಿ ಹುಣಸಗಿ, ಗುರುಮಠಕಲ್ ಜೊತೆ ಘೋಷಣೆಯಾಗಿ, ಶಹಾಪುರದಿಂದ ಬೇರ್ಪಟ್ಟ ತಾಲ್ಲೂಕು ಇದು. ಕೃಷ್ಣಾ-ಭೀಮಾ ನಡುವಿನ ಈ ನೆಲದಲ್ಲಿ ತೊಗರಿ, ಭತ್ತದ ಜೊತೆಗೆ ಹತ್ತಿಯೇ ಹಣದ ಬೆಳೆ. ಬೆಳೆದದ್ದು ಯಾದಗಿರಿ, ಶಹಾಪುರದ ಜಿನ್ನಿಂಗ್ ಮಿಲ್ಲಿಗೆ ಹೋಗುತ್ತದೆ. ಅಲ್ಲಿಂದ ಮುಂದಿನ ನೂಲು, ಹೆಣಿಗೆ, ಹೊಲಿಗೆ, ಅಚ್ಚು ಯಾವುದೂ ಹೇಳಿಕೊಳ್ಳುವಷ್ಟು ಇಲ್ಲಿಲ್ಲ. ಟಿ-ಶರ್ಟ್ ಎಂದರೆ ತಮಿಳುನಾಡಿನ ತಿರುಪ್ಪೂರು.

ಒಂದು ಅಂದಾಜು ಲೆಕ್ಕ ಹಾಕೋಣ. 2025-26ರ ಹಂಗಾಮಿಗೆ ಉದ್ದ ಎಳೆಯ ಹತ್ತಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ. ಕ್ವಿಂಟಲ್ ಹತ್ತಿ ಜಿನ್ ಆದ ಮೇಲೆ ಸಿಗುವ ಅರಳೆ ಸುಮಾರು 34 ಕಿಲೋ. ನೂಲುವಾಗ, ಹೆಣೆಯುವಾಗ, ಕತ್ತರಿಸುವಾಗ ಕಾಲು ಭಾಗ ಪೋಲಾಯಿತೆಂದರೂ 180 ಗ್ರಾಂ ತೂಕದ 140 ಅಂಗಿ ಆಗುತ್ತವೆ. ಅಂದರೆ ಅಂಗಿಗೆ 58 ರೂಪಾಯಿಯಷ್ಟು ಬೆಳೆಗಾರನಿಗೆ; ಬೀಜದ ಎಣ್ಣೆ, ಹಿಂಡಿಯ ಬೆಲೆಯೂ ಅದರಲ್ಲೇ ಸೇರಿತು. ಬಿತ್ತನೆ, ಗೊಬ್ಬರ, ಔಷಧ, ಬಿಡಿಸುವ ಕೂಲಿ ಆ 58ರಲ್ಲೇ ಕಳೆಯಬೇಕು. ಅಂಗಿ 500 ರೂಪಾಯಿಗೆ ಮಾರಿದರೆ ಉಳಿದ 442 ರೂಪಾಯಿಯಲ್ಲಿ ಜಿನ್ನಿಂಗಿನ ಪಾಲು ಬಿಟ್ಟರೆ ಮಿಕ್ಕದ್ದು ಸೀಮೆಯ ಆಚೆಯದು. ಪಾಲು ತಪ್ಪಿದ್ದು ಹಣದಲ್ಲಷ್ಟೇ ಅಲ್ಲ, ಓದಿನಲ್ಲೂ. ಹತ್ತಿ ಬಿಡಿಸುವ ದಿನಗಳಲ್ಲಿ ಶಾಲೆಯ ಬೆಂಚು ಖಾಲಿಯಾಗುವುದನ್ನು ಇಲ್ಲಿಯ ಮೇಷ್ಟ್ರುಗಳು ಬಲ್ಲರು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯದಲ್ಲೇ ಕೊನೆಯದಾಗಿತ್ತು. ಅಂಗಿಗೆ ಹತ್ತಿ ಕೊಟ್ಟ ಮಕ್ಕಳಿಗೆ ಅಂಗಿಯ ಮೇಲಿನ ಕೋಡ್ ಓದಲು ಬಾರದಿದ್ದರೆ ಅದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಬಟ್ಟೆ ಮತ್ತು ಮಾತು ಎರಡೂ ಈ ನೆಲದ ಹಳೆಯ ಕಸುಬು ಎಂಬುದನ್ನು ಇಲ್ಲಿ ನೆನೆಯಬೇಕು. ಆದ್ಯ ವಚನಕಾರರೆನಿಸಿದ ದೇವರ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನವರು, ವೃತ್ತಿಯಿಂದ ನೇಕಾರರು. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಗರುಡಾದ್ರಿ ಚಿತ್ರಕಲೆಯ ಬಳ್ಳಿ, ಅಂಚು, ಹಕ್ಕಿಗಳಲ್ಲಿ ಇಂದಿನ ಅಂಗಿಗೆ ಬೇಕಾದಷ್ಟು ವಿನ್ಯಾಸವಿದೆ. ಫ್ಲೆಕ್ಸ್ ಅಂಗಡಿ ಇಟ್ಟವರು ಡಿಟಿಎಫ್ ಯಂತ್ರಕ್ಕೆ ದಾಟುವುದು ಕಷ್ಟದ ಮಾತಲ್ಲ. ಕಾನೂನೂ ಕೊಂಚ ಸಡಿಲವಾಗಿದೆ: 2023ರ ಅಕ್ಟೋಬರ್ 1ರಿಂದ, ವಹಿವಾಟಿನ ಮಿತಿಯೊಳಗಿರುವ ಸಣ್ಣ ಮಾರಾಟಗಾರರು ರಾಜ್ಯದೊಳಗೆ ಆನ್‌ಲೈನ್ ಮಳಿಗೆಗಳ ಮೂಲಕ ಮಾರಲು ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಪೋರ್ಟಲ್‌ನಲ್ಲಿ ಒಂದು ಸಂಖ್ಯೆ ಪಡೆದರೆ ಸಾಕು. ವಡಗೇರಾದಲ್ಲಿ ಹೊಲಿಗೆ ಬಲ್ಲ ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಚಿತ್ರ ಬಲ್ಲ ಒಬ್ಬ ಹುಡುಗ, ಒಂದು ಯಂತ್ರ ಇಷ್ಟು ಕೂಡಿದರೆ ಬೆಂಗಳೂರಿನ ಬಳಗಕ್ಕೆ ಅಂಗಿ ಒದಗಿಸಲು ತಡೆಯುವವರಿಲ್ಲ. ಇಡೀ ನೂಲಿನ ಗಿರಣಿ ಬರುವವರೆಗೆ ಕಾಯುವ ಅಗತ್ಯವಿಲ್ಲ. ತಿರುಪ್ಪೂರಿನ ಖಾಲಿ ಅಂಗಿ ತರಿಸಿ ಅಚ್ಚು ಹಾಕಿದರೂ ವಿನ್ಯಾಸದ ಹಣ, ಅಚ್ಚಿನ ಕೂಲಿ ಊರಲ್ಲಿ ಉಳಿಯುತ್ತದೆ.

ಒಟ್ಟು ತೂಗಿ ನೋಡಿದರೆ ತೀರ್ಪು ಹೀಗಿದೆ. ಕೋಡಿನ ಅಂಗಿ ಬಳಗ ಕಟ್ಟಿತು, ಕಾನೂನಿನ ಹುಳುಕು ತೋರಿಸಿತು, ಸ್ವಯಂಸೇವಕರಿಗೆ ವ್ಯಾಪಾರದ ಪಾಠ ಕಲಿಸಿತು. ಪುಕ್ಕಟೆ ಹಂಚಿಕೆಯಲ್ಲಿ ಎಡವಿತು. ಕನ್ನಡಕ್ಕೆ ಜಾಗ ಕೊಡುವುದರಲ್ಲಿ, ಹತ್ತಿ ಬೆಳೆದ ನೆಲಕ್ಕೆ ಪಾಲು ಕೊಡುವುದರಲ್ಲಿ ಮಾತ್ರ ಮೂವತ್ತು ವರ್ಷದಲ್ಲಿ ಏನೂ ಮಾಡಲಿಲ್ಲ. ಬೆಂಗಳೂರಿನ ಬಳಗಗಳಲ್ಲಿ ನಮ್ಮ ಕಡೆಯವರು ಕಡಿಮೆಯಿಲ್ಲ. ಮುಂದಿನ ಸಮ್ಮೇಳನದ ಅಂಗಿಗೆ ದರಪಟ್ಟಿ ಕೇಳುವಾಗ ಅವರು ಯಾದಗಿರಿ ಜಿಲ್ಲೆಯ ಒಂದು ಅಚ್ಚಿನ ಅಂಗಡಿಯನ್ನೂ ಕೇಳಲಿ, ವಿನ್ಯಾಸಗಳಲ್ಲಿ ಒಂದನ್ನಾದರೂ ಕನ್ನಡದಲ್ಲಿ ಮಾಡಿಸಲಿ, ಉಳಿದ ಲಾಭದಲ್ಲಿ ಒಂದು ಸರ್ಕಾರಿ ಶಾಲೆಗೆ ಕೋಡಿಂಗ್ ತರಗತಿ ನಡೆಸಿಕೊಡಲಿ. ಇದು ದಾನದ ಬೇಡಿಕೆಯಲ್ಲ. ಅಂಗಿಯಲ್ಲಿ ನಮ್ಮ ಹತ್ತಿಯೂ ಇದೆ.